ಅಪ್ಪ ಅಮ್ಮ ದೋಣಿಗೆ ಬರುತ್ತಾರೆ ಅಂದರೆ

ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಜುಲೈನಲ್ಲಿ ಒಂದು ವಾರ ಹಾಯಿದೋಣಿಯಲ್ಲಿ ಸಿಯಾಟಲಿನ ಉತ್ತರಕ್ಕಿರುವ ಸ್ಯಾನ್ ವಾನ್ ದ್ವೀಪಗಳಿಗೆ ಕರೆದೊಯ್ಯಬೇಕು, ಏನೇನು ತಯಾರಿ ಬೇಕು ಅಂತ ಸಿಯಾಟಲ್ ಕಡೆಯ ನಮ್ಮ ಹುಡುಗರು ನನ್ನನ್ನು ಕೇಳುತ್ತಿರುತ್ತಾರೆ. ನಮ್ಮದು 36 ಅಡಿಯ ದೋಣಿ. ಅದರಲ್ಲಿ ನನ್ನ ಅಮ್ಮನನ್ನೂ ಅತ್ತೆ ಮಾವನನ್ನೂ ಇಟ್ಟುಕೊಂಡು ಸಂಸಾರ ಮಾಡಿದವಳು ನಾನು. ಈಗ ನನಗೇ ಮೊಣಕಾಲು ನೋವು. ಹಾಗಾಗಿ ಎರಡೂ ಕಡೆಯ ಕಷ್ಟ ಗೊತ್ತು.

ಮೊದಲು ಕಕ್ಕಸಿನ ಮಾತು. ನಗಬೇಡಿ, ಇಡೀ ವಾರ ನಿಂತಿರುವುದು ಅದರ ಮೇಲೆ. ದೋಣಿಯಲ್ಲಿ ಇರುವುದು ಕೈಯಿಂದ ಪಂಪ್ ಹೊಡೆಯುವ ಪುಟ್ಟ ಕಮೋಡ್. ಹಿರಿಯರಿಗೆ ಪೇಪರ್ ಒಗ್ಗುವುದಿಲ್ಲ, ಚೊಂಬು ನೀರು ಬೇಕೇ ಬೇಕು. ಪೈಪು ಕಟ್ಟಿಕೊಳ್ಳದಿರಲು ನೀರೇ ಒಳ್ಳೆಯದು, ಆದರೆ ಕಕ್ಕಸಿನ ಟ್ಯಾಂಕ್ ಬೇಗ ತುಂಬುತ್ತದೆ. 2018ರಿಂದ ಈ ನೀರಿನಲ್ಲಿ ಶುದ್ಧೀಕರಿಸಿದ ಹೊಲಸನ್ನೂ ಬಿಡುವ ಹಾಗಿಲ್ಲ, ಎಲ್ಲವೂ ಟ್ಯಾಂಕಿಗೇ ಹೋಗಬೇಕು. ನಮ್ಮದು 75 ಲೀಟರಿನದು. ನಾಲ್ಕು ಜನಕ್ಕೆ ಎರಡು ಮೂರು ದಿನ ಬಂದರೆ ಹೆಚ್ಚು. ಚೊಂಬಿನ ಬದಲು ಹಿಂಡುವ ಮೂತಿಯ ಬಾಟಲಿ ಇಡಿ, ಕಾಲು ಭಾಗ ನೀರಿನಲ್ಲಿ ಕೆಲಸ ಮುಗಿಯುತ್ತದೆ. ಟ್ಯಾಂಕ್ ಖಾಲಿ ಮಾಡಿಸುವ ಜಾಗ ಎಲ್ಲೆಲ್ಲಿದೆ ಅಂತ ನೋಡಿಕೊಂಡೇ ದಾರಿ ಗೊತ್ತು ಮಾಡಿ. ಪಂಪ್ ಹೊಡೆಯುವುದನ್ನು ದೋಣಿ ಕಟ್ಟಿ ನಿಂತಿರುವಾಗಲೇ ಕಲಿಸಿ. ಅಪ್ಪನಿಗೆ ಮಗ ಕಲಿಸಲಿ, ಅಮ್ಮನಿಗೆ ಮಗಳೋ ಸೊಸೆಯೋ. ನಮ್ಮ ಮಾವ ಮೊದಲ ಎರಡು ದಿನ ಸೊಸೆಯನ್ನು ಕೇಳಲು ನಾಚಿಕೊಂಡು ಸುಮ್ಮನಿದ್ದುಬಿಟ್ಟರು. ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ, ಕಕ್ಕಸಿನ ಭಯಕ್ಕೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಮೂರನೇ ದಿನ ತಲೆಸುತ್ತು. ಸಮುದ್ರದ ತಲೆಸುತ್ತು ಅಂತ ನಾವೆಲ್ಲ ಅಂದುಕೊಂಡೆವು, ಎರಡು ಲೋಟ ಮಜ್ಜಿಗೆ ಕುಡಿದ ಮೇಲೆ ಎದ್ದು ಕೂತರು. ಅವರು ಎಷ್ಟು ನೀರು ಕುಡಿದರು ಅಂತ ಲೆಕ್ಕ ಇಡಿ.

ವಿಮಾನದಿಂದ ಇಳಿದವರನ್ನು ನೇರ ದೋಣಿಗೆ ಹತ್ತಿಸಬೇಡಿ. ಐದಾರು ದಿನ ಮನೆಯಲ್ಲಿ ನಿದ್ದೆ ಸರಿಹೋಗಲಿ. ಆಮೇಲೂ ಸಿಯಾಟಲಿನಿಂದಲೇ ಹಾಯಿ ಬಿಚ್ಚುವ ಹುಮ್ಮಸ್ಸು ಬೇಡ. ನಡುವೆ ವಾನ್ ಡಿ ಫ್ಯೂಕಾ ಜಲಸಂಧಿ ದಾಟಬೇಕು, ಬೇಸಿಗೆಯ ಮಧ್ಯಾಹ್ನಗಳಲ್ಲಿ ಅಲ್ಲಿ ಪಶ್ಚಿಮದ ಗಾಳಿ ಜೋರಾಗಿರುತ್ತದೆ. ನಮ್ಮ ಉಪಾಯ ಏನಂದರೆ, ಯಜಮಾನರು ಗೆಳೆಯರ ಜೊತೆ ಮೊದಲೇ ದೋಣಿ ಒಯ್ಯುತ್ತಿದ್ದರು. ನಾನು ಹಿರಿಯರನ್ನು ಅನಕೋರ್ಟಿಸ್‌ವರೆಗೆ ಕಾರಿನಲ್ಲಿ ಕರೆತಂದು, ಫೆರಿ ಹತ್ತಿಸಿ ಸ್ಯಾನ್ ವಾನ್ ದ್ವೀಪದ ಫ್ರೈಡೇ ಹಾರ್ಬರ್ ಊರಿಗೆ ಬರುತ್ತಿದ್ದೆ. ಫೆರಿಯಲ್ಲಿ ಕಾಫಿ ಕುಡಿಯುತ್ತಾ ಬಂದವರು ಖುಷಿಯಾಗಿರುತ್ತಾರೆ. ಅಲ್ಲಿಂದ ಮುಂದೆ ದಿನಕ್ಕೆ ಎರಡು ಮೂರು ಗಂಟೆ ಓಡಿಸಿದರೆ ಧಾರಾಳ ಆಯಿತು.

ರಾತ್ರಿ ಲಂಗರು ಹಾಕುವುದಕ್ಕಿಂತ ಡಾಕಿಗೆ, ಅಂದರೆ ದಡದ ಪಕ್ಕ ತೇಲುವ ಕಟ್ಟೆಗೆ, ಕಟ್ಟುವುದೇ ವಾಸಿ, ದುಡ್ಡು ಹೋದರೂ ಪರವಾಗಿಲ್ಲ. ಲಂಗರು ಹಾಕಿದರೆ ದಡಕ್ಕೆ ಹೋಗಲು ರಬ್ಬರ್ ದೋಣಿಗೆ ಇಳಿಯಬೇಕು. 70 ದಾಟಿದ ಮಂಡಿಗೆ ಅದು ಆಗದ ಕೆಲಸ. ಡಾಕಿನಲ್ಲೂ ಒಂದು ಗುಟ್ಟಿದೆ. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ ಕೆಲವು ದಿನ 10 ಅಡಿ ವ್ಯತ್ಯಾಸ. ಬೇಸಿಗೆಯಲ್ಲಿ ದೊಡ್ಡ ಇಳಿತ ಬರುವುದು ಹಗಲು ಹೊತ್ತಿನಲ್ಲೇ. ಡಾಕು ನೀರಿನ ಜೊತೆ ಕೆಳಗಿಳಿದಾಗ ದಡಕ್ಕೆ ಹತ್ತುವ ಸೇತುವೆ ಏಣಿಯ ಹಾಗೆ ನಿಲ್ಲುತ್ತದೆ. ಅದೇ ಉಬ್ಬರದಲ್ಲಿ ಮನೆ ಮುಂದಿನ ರಸ್ತೆ ಇದ್ದ ಹಾಗೆ. ಊರು ಸುತ್ತುವುದು, ಸ್ನಾನಕ್ಕೆ ಹೋಗುವುದು, ಎಲ್ಲವನ್ನೂ ಉಬ್ಬರದ ಪಟ್ಟಿ ನೋಡಿ ಇಟ್ಟುಕೊಳ್ಳಿ. ನಾನು ಅದನ್ನು ಪಂಚಾಂಗದ ಪಕ್ಕದಲ್ಲೇ ನೇತುಹಾಕುತ್ತಿದ್ದೆ. ಅಮಾವಾಸ್ಯೆ ಹುಣ್ಣಿಮೆ ಹತ್ತಿರ ವ್ಯತ್ಯಾಸ ಜಾಸ್ತಿ ಅಂತ ಅಮ್ಮ ನನಗಿಂತ ಮೊದಲೇ ಹೇಳಿಬಿಟ್ಟಳು.

ಸೀರೆ ಬೇಡ, ಚೂಡಿದಾರ ತರಲು ಹೇಳಿ. ಸೆರಗು ಹಗ್ಗದ ರಾಟೆಗೆ ಸಿಕ್ಕಿದರೆ ಕಷ್ಟ. ಹವಾಯಿ ಚಪ್ಪಲಿಯೂ ಬೇಡ, ಜಾರದ ಶೂ ಬೇಕು. ಸಮುದ್ರದ ನೀರು ಜುಲೈನಲ್ಲೂ ಹತ್ತು ಹನ್ನೆರಡು ಡಿಗ್ರಿ ಅಷ್ಟೇ, ಸಂಜೆಯಾದರೆ ಚಳಿ. ಹಿರಿಯರ ಬಟ್ಟೆಪೆಟ್ಟಿಗೆಯಲ್ಲಿ ಮಂಕಿ ಕ್ಯಾಪ್ ನೋಡಿ ನಕ್ಕಿದ್ದೆ, ಆಮೇಲೆ ನಾನೇ ಇಸಕೊಂಡು ಹಾಕಿಕೊಂಡೆ. ಒಳಗೆ ಇಳಿಯುವಾಗ ಏಣಿಗೆ ಮುಖ ಮಾಡಿಯೇ ಇಳಿಯಬೇಕು. ಲೈಫ್ ಜಾಕೆಟ್ ವಿಷಯದಲ್ಲಿ ಮುಲಾಜು ಬೇಡ, ನೀವೂ ಹಾಕಿಕೊಳ್ಳಿ, ಆಗ ಅವರೂ ಹಾಕಿಕೊಳ್ಳುತ್ತಾರೆ. ದೋಣಿಯ ಮೂತಿಯ ಕಡೆಯ ಹಾಸಿಗೆಗೆ ಹತ್ತಿ ತೂರಬೇಕು, ಅದು ನಿಮಗಿರಲಿ. ಅವರಿಗೆ ನಡುಮನೆಯ ಸೋಫಾ ಕೊಡಿ, ಕಕ್ಕಸಿಗೂ ಹತ್ತಿರ.

ಗಾಳಿಗೆ ದೋಣಿ ವಾಲುತ್ತದೆ ಅಂತ ಮೊದಲೇ ಹೇಳಿ. ಕೆಳಗೆ ಟನ್‌ಗಟ್ಟಲೆ ಸೀಸದ ಭಾರವಿದೆ, ಅದು ಮತ್ತೆ ಎಬ್ಬಿಸಿ ನಿಲ್ಲಿಸುತ್ತದೆ ಅಂತಲೂ ಹೇಳಿ. ಹೇಳಿದ ಮಾತ್ರಕ್ಕೆ ಭಯ ಹೋಗುವುದಿಲ್ಲ, ಹಾಯಿಯನ್ನೂ ಚಿಕ್ಕದು ಮಾಡಿ. ವಾಂತಿ ಮಾತ್ರೆಗಳಲ್ಲಿ ಕೆಲವು ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ ಇದ್ದವರಿಗೆ ಆಗುವುದಿಲ್ಲ, ಅವರ ಡಾಕ್ಟರನ್ನೇ ಕೇಳಿಕೊಳ್ಳಿ. ತಲೆ ತಿರುಗಿದರೆ ಒಳಗೆ ಮಲಗಿಸಬೇಡಿ. ಮೇಲೆ ಕೂರಿಸಿ ದೂರದ ದಡ ನೋಡಲು ಹೇಳಿ.

ಅಡುಗೆಗೆ ಕುಕ್ಕರ್‌ಗಿಂತ ದೊಡ್ಡ ನೆಂಟ ಇಲ್ಲ. ನೀರು ಕಮ್ಮಿ, ಗ್ಯಾಸ್ ಕಮ್ಮಿ, ದೋಣಿ ಅಲ್ಲಾಡಿದರೂ ಸಾರು ಚೆಲ್ಲುವುದಿಲ್ಲ. ಒಗ್ಗರಣೆ ಮಾತ್ರ ಡಾಕಿನಲ್ಲಿ ನಿಂತಾಗಲೇ ಆಗಬೇಕು. ಓಡುವ ದೋಣಿಯಲ್ಲಿ ಮೆಣಸಿನಕಾಯಿ ಘಾಟು ಎದ್ದರೆ ಗಟ್ಟಿ ಹೊಟ್ಟೆಯವರೂ ಕಂಗೆಡುತ್ತಾರೆ. ನಾನು ಒಗ್ಗರಣೆಯನ್ನೇ ಡಬ್ಬಿಯಲ್ಲಿ ಮಾಡಿಟ್ಟುಕೊಳ್ಳುತ್ತಿದ್ದೆ. ಗೊಜ್ಜವಲಕ್ಕಿ, ಮೊಸರನ್ನ, ಚಟ್ನಿಪುಡಿ ಇದ್ದರೆ ಹಗಲು ಸಾಗುತ್ತದೆ. ಒಲೆ ಆರಿಸಿದ ಮೇಲೆ ಸಿಲಿಂಡರಿನ ವಾಲ್ವನ್ನೂ ಮುಚ್ಚಿಸಿ. ಇಲ್ಲಿನ ಗ್ಯಾಸೂ ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲೇ ಕೂರುತ್ತದೆ, ಕಿಟಕಿ ತೆಗೆದರೆ ಹೋಗುವುದಿಲ್ಲ.

ಪಶ್ಚಿಮಕ್ಕೆ ಕಾಣುವ ದ್ವೀಪಗಳು ಕೆನಡಾದವು. ಕೈಗೆ ಸಿಗುವಷ್ಟು ಹತ್ತಿರ ಕಂಡರೂ ಅತ್ತ ಹೋಗಬೇಡಿ, ಅಪ್ಪ ಅಮ್ಮನಿಗೆ ಬೇರೆ ವೀಸಾ ಬೇಕು. ಸ್ಯಾನ್ ವಾನ್ ದ್ವೀಪದ ಆ ಬದಿಯಲ್ಲಿ ಫೋನುಗಳೂ ಕೆನಡಾದ ಟವರ್ ಹಿಡಿಯುತ್ತವೆ. ಊರಿನ ಸಿಮ್ ಇದ್ದರೆ ರೋಮಿಂಗ್ ಆಫ್ ಮಾಡಿಡಿ. ಅತ್ತಿಗೆಗೆ ಒಂದು ಫೋನು ಮಾಡಿದ್ದಕ್ಕೆ ಬಂದ ಬಿಲ್ಲು ನೋಡಿ ಮಾವ ತಿಂಗಳಾನುಗಟ್ಟಲೆ ಗೊಣಗಿದ್ದಾರೆ.

ಇನ್ನೊಂದು. ಅವರನ್ನು ಸುಮ್ನೆ ಕೂರಿಸಬೇಡಿ. ದಿನವೆಲ್ಲ ನೀವು ಹಗ್ಗ ಎಳೆಯುತ್ತಾ, ಅವರು ಕೈಕಟ್ಟಿ ನೋಡುತ್ತಾ ಇದ್ದರೆ ಎರಡನೇ ದಿನಕ್ಕೇ ತಾವು ಹೊರೆ ಅನ್ನಿಸಿಬಿಡುತ್ತದೆ. ಅಮ್ಮ ಬೀನ್ಸ್ ಸೋಸುತ್ತಿದ್ದಳು, ನೀರಿನಲ್ಲಿ ಸೀಲ್ ಪ್ರಾಣಿ ಕಂಡರೆ ಕೂಗುತ್ತಿದ್ದಳು. ಮಾವ ಬ್ಯಾಂಕಿನಲ್ಲಿದ್ದವರು. ಅವರಿಗೆ ದೋಣಿಯ ಲಾಗ್ ಪುಸ್ತಕ ಕೊಟ್ಟೆವು. ಗಂಟೆಗೊಮ್ಮೆ ವೇಗ, ಆಳ, ಗಾಳಿ, ಎಲ್ಲ ಬರೆದು ಕೆಳಗೆ ಸಹಿ ಹಾಕುತ್ತಿದ್ದರು. ನಮ್ಮ ಯಜಮಾನರು ಒಂದು ದಿನ ಆಳ ತಪ್ಪು ಓದಿದ್ದಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದರು. ಹೊರಡುವಾಗ ಆ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡೇ ಹೋದರು. ದೋಣಿಗೆ ನಾವು ಹೊಸದೊಂದು ಕೊಂಡೆವು.