ಕೂದಲಿನ ಅಂಚಿನ ಗೆರೆ ಹೋದದ್ದು ಹೀಗೆ

ಕೊಪ್ಪಳದ ನಮ್ಮ ತರಗತಿಯಲ್ಲಿ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶ ಕಲಿಯಲು ಮಕ್ಕಳಿಗೆ ಕೊಟ್ಟ ಕೆಲಸ ಇದು: ತಮ್ಮ ಮುಖದ ಪಕ್ಕನೋಟದೊಳಗೆ ತಮ್ಮೂರನ್ನು ತುಂಬಿಸುವುದು. ಒಬ್ಬಳು ಆನೆಗೊಂದಿಯ ಬಂಡೆಗಳ ಫೋಟೊ ತಂದಳು, ಇನ್ನೊಬ್ಬ ಕಿನ್ನಾಳದ ಗೊಂಬೆಗಳದ್ದು. ಎಲ್ಲರಿಗೂ ಒಂದೇ ತೊಂದರೆ. ಮುಖವನ್ನು ಕತ್ತರಿಸಿ ತೆಗೆದರೆ ಕೂದಲಿನ ಅಂಚಿನಲ್ಲಿ ಹಿಂದಿನ ಗೋಡೆಯ ಬಣ್ಣ ಗೆರೆಯಾಗಿ ಉಳಿಯುತ್ತಿತ್ತು. ಫೆದರ್ (ಕತ್ತರಿಸುವ ಅಂಚನ್ನು ಮೃದುವಾಗಿಸುವುದು) ಹೆಚ್ಚಿಸಿದರೆ ಗೆರೆ ಮಸುಕಾಗುತ್ತಿತ್ತು, ಜೊತೆಗೆ ಜಡೆಯೂ.

ಕೊನೆಗೆ ಕತ್ತರಿಸುವುದನ್ನೇ ಬಿಟ್ಟೆವು. ಬಿಸಿಲು ಬಿದ್ದ ಸುಣ್ಣದ ಗೋಡೆ ಹಿಂದೆ, ಹುಡುಗಿ ಮುಂದೆ ನೆರಳಲ್ಲಿ ಇರುವಂತೆ ಫೋಟೊ ತೆಗೆದೆವು. (ನಮ್ಮ ಕಡೆಯ ಬಿಸಿಲು ಇಷ್ಟಕ್ಕಾದರೂ ಬರಲಿ.) ಮುಖ ಕಪ್ಪಾಗಿ, ಗೋಡೆ ಬೆಳ್ಳಗೆ ಬರುತ್ತದೆ. ಕಪ್ಪು-ಬಿಳುಪು ಹೊಂದಿಸುವ ಲೆವೆಲ್ಸ್‌ನಲ್ಲಿ ಬಲತುದಿಯ ತ್ರಿಕೋನವನ್ನು ಎಡಕ್ಕೆ ಎಳೆದರೆ ಗೋಡೆ ಪೂರ್ತಿ ಬಿಳಿ, ಅಂದರೆ 0ಯಿಂದ 255ರ ಅಳತೆಯಲ್ಲಿ 255. ಅದರ ಮೇಲೆ ಬಂಡೆಯ ಫೋಟೊವನ್ನು ಲೇಯರ್ (ಪದರ) ಆಗಿ ಇಟ್ಟು, ಅದು ಕೆಳಗಿನದರೊಡನೆ ಬೆರೆಯುವ ಬಗೆ, ಅಂದರೆ ಮೋಡ್ ಅನ್ನು ‘ಸ್ಕ್ರೀನ್’ ಮಾಡಿದೆವು. ಈ ಮೋಡ್‌ನಲ್ಲಿ ಬಿಳಿಯ ಮೇಲೆ ಏನಿಟ್ಟರೂ ಬಿಳಿಯೇ. ಕಪ್ಪಿದ್ದಲ್ಲಿ ಮಾತ್ರ ಮೇಲಿನ ಚಿತ್ರ ಎದ್ದು ಕಾಣುತ್ತದೆ. ಹಾರುತ್ತಿದ್ದ ಎಳೆಗೂದಲೂ ಉಳಿಯಿತು.

ಗೊಂಬೆಯ ಚಿತ್ರ ಮಾತ್ರ ಪೇಲವವಾಯಿತು. ಮುಖ ಬೂದಿಬಣ್ಣದಲ್ಲಿದ್ದುದೇ ಕಾರಣ. ಲೆವೆಲ್ಸ್‌ನ ಎಡ ತ್ರಿಕೋನವನ್ನು ಬಲಕ್ಕೆ ಸರಿಸಿ ಮುಖವನ್ನು ಇನ್ನಷ್ಟು ಕಪ್ಪಾಗಿಸಿದಾಗ ಕೆಂಪು, ಹಳದಿ ಮರಳಿ ಬಂದವು.

ಕಣ್ಣಿನ ಮೇಲೆ ಬಂಡೆ ಬಂದಿದ್ದರೆ ಎರೇಸರ್ ಮುಟ್ಟಬೇಡಿ. ಬಂಡೆಯ ಲೇಯರ್‌ಗೆ ಮಾಸ್ಕ್ (ಅಳಿಸದೆ ಮರೆಮಾಡುವ ಹೊದಿಕೆ) ಹಾಕಿ ಅದರ ಮೇಲೆ ಕಪ್ಪು ಬ್ರಷ್ ಆಡಿಸಿ. ಹೆಚ್ಚಾಯಿತೆನಿಸಿದರೆ ಬಿಳಿ ಬ್ರಷ್‌ನಿಂದ ವಾಪಸ್ ತರಬಹುದು. ಮತ್ತೆ ತಿದ್ದುವುದಿದ್ದರೆ ಗಿಂಪ್‌ನದೇ ಕಡತ ರೂಪವಾದ ಎಕ್ಸ್‌ಸಿಎಫ್ ಆಗಿಯೇ ಉಳಿಸಿ, ಜೆಪೆಗ್‌ನಲ್ಲಿ ಲೇಯರ್‌ಗಳು ಉಳಿಯುವುದಿಲ್ಲ.