ಚುಚ್ಚುಮಾತಿನ ನಂತರದ ಐದು ನಿಮಿಷ: ನನ್ನ ಅನುಭವ

ಮನೆ ಪಾಲು ಮಾಡಿಸಲು ಕೂರುವವರಿಗೆಲ್ಲ ಈ ಕಾಟ ಗೊತ್ತು. ಸಂಜೆ ಒಪ್ಪಿ ಎದ್ದವರು ವಾರ ಕಳೆಯುವಷ್ಟರಲ್ಲಿ ‘ನಾನು ಹಾಗೆ ಅಂದೇ ಇಲ್ಲ’ ಎನ್ನುತ್ತಾರೆ. ಅದು ಸುಳ್ಳೆಂದೇ ನಾನೂ ಹತ್ತು ವರ್ಷ ನಂಬಿದ್ದೆ.

ಮೊದಲು ಎಲ್ಲರ ಒಪ್ಪಿಗೆ ಪಡೆದು ಮಾತುಕತೆಯನ್ನು ಧ್ವನಿಮುದ್ರಿಸಿದೆ. ಯಂತ್ರಕ್ಕೆ ಸುಮಾರು 8,000 ರೂಪಾಯಿ, ಅದನ್ನು ಕೇಳಿ ಟೈಪ್ ಮಾಡಿಸಲು ಹೆಚ್ಚುಕಡಿಮೆ ಅಷ್ಟೇ. ಹಾಕಿ ಕೇಳಿಸಿದರೆ ಆರಿದ ಬೆಂಕಿ ಮತ್ತೆ ಹೊತ್ತಿಕೊಂಡಿತು. ಎರಡು ಕುಟುಂಬಗಳು ಎದ್ದು ನಡೆದವು; ಒಂದಕ್ಕೆ 15,000 ರೂಪಾಯಿ ಶುಲ್ಕವನ್ನೂ ಹಿಂದಿರುಗಿಸಿದೆ.

ಕಣ್ಣು ತೆರೆಸಿದವರು ಇಬ್ಬರು ಅಣ್ಣತಮ್ಮಂದಿರು. ‘ನಿನ್ನನ್ನು ಓದಿಸಿದ್ದೇ ನನ್ನ ತಪ್ಪು’ ಎಂದು ಅಣ್ಣ ಕಾಫಿ ಲೋಟವನ್ನು ಕುಕ್ಕಿದ. ಮರುಕ್ಷಣ ದನಿ ತಗ್ಗಿಸಿ, ‘ಕೊಳವೆಬಾವಿ, ಅದರ ಪಕ್ಕದ ಹತ್ತು ಗುಂಟೆ ನೀನೇ ಇಟ್ಟುಕೋ’ ಎಂದ. ವಾರದ ನಂತರ ತಮ್ಮನಿಗೆ ಲೋಟದ ಸದ್ದು, ಚೆಲ್ಲಿದ ಕಾಫಿ, ಆ ಮಾತಿನ ಒಂದೊಂದು ಅಕ್ಷರವೂ ನೆನಪಿತ್ತು; ಹತ್ತು ಗುಂಟೆ ನೆನಪಿರಲಿಲ್ಲ. ಅಣ್ಣನಿಗೆ ಹತ್ತು ಗುಂಟೆ ನೆನಪಿತ್ತು, ಬೈದದ್ದು ಮರೆತಿತ್ತು. ಧ್ವನಿಮುದ್ರಿಕೆಯಲ್ಲಿ ಎರಡೂ ಇದ್ದವು. ಇಬ್ಬರೂ ಸುಳ್ಳಾಡುವವರಲ್ಲ. ಚುಚ್ಚಿದ ಮಾತು ತಮ್ಮನ ಮನಸ್ಸನ್ನು ತುಂಬಿ, ಅದರ ಬೆನ್ನಿಗೆ ಬಂದದ್ದಕ್ಕೆ ಜಾಗವೇ ಉಳಿದಿರಲಿಲ್ಲ.

ಅಂದಿನಿಂದ ಚುಚ್ಚುಮಾತು ಬಿದ್ದೊಡನೆ ಪೆನ್ನು ಮುಚ್ಚುತ್ತೇನೆ. ಆಮೇಲೆ ಏನು ಕೊಟ್ಟರೂ ಬಿಟ್ಟರೂ ಲೆಕ್ಕಕ್ಕಿಲ್ಲ. ಅರ್ಧ ಗಂಟೆ ಬೇರೆ ಬೇರೆ ಕೂರಿಸಿ, ನೊಂದವರಿಂದ ಆ ಮಾತನ್ನೇ ಮೊದಲು ಹೇಳಿಸಿ ಬರೆದುಕೊಳ್ಳುತ್ತೇನೆ. ನಂತರ ಅದರ ಹಿಂದಿನ ಮಾತಿಗೆ ಕರೆದೊಯ್ಯುತ್ತೇನೆ. ಮೂರನೆಯ ದಿನ ಬೆಳಗ್ಗೆ, ಕೊಡುವವರು ಕೊಡುವುದನ್ನು ಹೊಸದಾಗಿ ಹೇಳಬೇಕು, ಪಡೆಯುವವರು ಅದನ್ನು ತಮ್ಮ ಬಾಯಿಂದ ತಿರುಗಿ ಹೇಳಬೇಕು. ಆ ಬೆಳಗ್ಗೆ ನಾನು ಕೇಳುವ ಮೊದಲ ಪ್ರಶ್ನೆಯನ್ನು ಮಾತ್ರ ಇಲ್ಲಿ ಬರೆಯಲಾರೆ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು.

ನಡುವೆ ಇನ್ನೊಂದು ಪರೀಕ್ಷೆಯನ್ನೂ ಮಾಡಿದೆ. 2000ರ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರ ಅಪಹರಣವಾದ ಸುದ್ದಿಯನ್ನು ನಿಮಗೆ ಹೇಳಿದವರು ಯಾರು ಎಂದು ಇಪ್ಪತ್ತು ಜನರನ್ನಾದರೂ ಕೇಳಿರಬೇಕು. ಒಬ್ಬರೂ ತಡವರಿಸಲಿಲ್ಲ. ನೆರೆಯವರೊಬ್ಬರು, ಬಸ್ ಕಂಡಕ್ಟರ್ ಹೇಳಿದ್ದೆಂದು ಆಣೆ ಇಟ್ಟರು. ಆ ವಾರದ ನನ್ನ ಡೈರಿಯ ಪ್ರಕಾರ ಅವರ ಮನೆಗೆ ಓಡಿಹೋಗಿ ಹೇಳಿದವನು ನಾನೇ! ಡೈರಿ ತೋರಿಸಿದರೂ ಅವರು ಒಪ್ಪಲಿಲ್ಲ. 1986ರಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದ ಮರುದಿನ, ಸುದ್ದಿ ತಿಳಿದದ್ದು ಹೇಗೆಂದು ವಿದ್ಯಾರ್ಥಿಗಳಿಂದ ಬರೆಸಿಟ್ಟು, ವರ್ಷಗಳ ಮೇಲೆ ಮತ್ತೆ ಕೇಳಿದ ಅಮೆರಿಕದ ಮನೋವಿಜ್ಞಾನಿ ಉಲ್ರಿಕ್ ನೈಸರ್ ಕಂಡದ್ದೂ ಇದನ್ನೇ: ಆಣೆ ಇಟ್ಟು ಹೇಳುವ ನೆನಪೂ ತಪ್ಪಿರಬಹುದು.

‘ಮೂರು ದಿನ ಬಿಟ್ಟರೆ ನೆಂಟರು ಕಿವಿ ಊದುತ್ತಾರೆ’ ಎಂದು ಹಿರಿಯರು ತಡೆದಿದ್ದರು. ಎರಡನೆಯ ಸಲ ಹೋಗಿಬರುವ ಪೆಟ್ರೋಲ್ ಖರ್ಚೂ ನನ್ನದೇ. ಆದರೆ ಮೂರು ವರ್ಷಗಳಲ್ಲಿ ಹದಿನಾಲ್ಕೋ ಹದಿನೈದೋ ಪಾಲು ಮುಗಿಸಿದ್ದೇನೆ, ಮುರಿದದ್ದು ಎರಡೇ. ನಮ್ಮ ಸುತ್ತಿನಲ್ಲಿ ಇಷ್ಟು ನಿಲ್ಲಿಸಿದವರನ್ನು ನಾನು ಕಂಡಿಲ್ಲ.

ಆ ಅಣ್ಣತಮ್ಮಂದಿರ ವಿಭಾಗಪತ್ರವೂ ನೋಂದಣಿಯಾಯಿತು. ಅಂದು ಅಣ್ಣ ನನ್ನನ್ನು ಬದಿಗೆ ಕರೆದು, ‘ನಾನು ನಿಜವಾಗಿಯೂ ಅವನಿಗೆ ಹಾಗೆ ಅಂದೆನೇ?’ ಎಂದು ಕೇಳಿದ.