ಒಂದೇ ಡಿಸೈನ್, ಎರಡು ಅಳತೆಯ ಟೈಲ್ಸ್

ಸ್ಪೇನಿನಿಂದ ತರಿಸಿದ 600×600 ಮಿ.ಮೀ. ಟೈಲ್ಸ್ ಅದು. ಮಂಗಳೂರಿನ ಪಣಂಬೂರು ಬಂದರಿನಲ್ಲಿ ಇಳಿಸಿ, ಸಂಪಾಜೆ ಘಾಟಿ ಹತ್ತಬೇಕೆಂದು ಸಣ್ಣ ಲಾರಿಗಳಿಗೆ ತುಂಬಿಸುವಾಗ ಪೆಟ್ಟಿಗೆಗಳೆಲ್ಲ ಬೆರೆತಿದ್ದವು. ಮಡಿಕೇರಿಯ ಹೋಂಸ್ಟೇನಲ್ಲಿ ಕೆಲಸ ಶುರುವಾದ ಮೇಲೆ ಮೇಸ್ತ್ರಿ ಫೋನ್ ಮಾಡಿದ: "ಅಣ್ಣಾ, ಗೆರೆ ಕೂರ್ತಾ ಇಲ್ಲ."

ಟೈಲ್‌ಗಳ ನಡುವೆ ಸಮ ಅಂತರಕ್ಕೆ ಇಡುವ ಸ್ಪೇಸರ್ ಬದಲಿಸಿದರೂ ಅಷ್ಟೇ. ಪೆಟ್ಟಿಗೆ ಮೇಲಿನ ಚೀಟಿ ಓದಿದಾಗ ಗುಟ್ಟು ಸಿಕ್ಕಿತು. ಡಿಸೈನ್ ನಂಬರ್ ಒಂದೇ, ಶೇಡ್ (ಬಣ್ಣದ ಛಾಯೆ) ಮತ್ತು ಕ್ಯಾಲಿಬರ್ (ನಿಜವಾದ ಅಳತೆಯ ಗುರುತು) ಎರಡು ಬಗೆ. ಗೂಡಿನಲ್ಲಿ ಸುಡುವಾಗ ಟೈಲ್ ಕುಗ್ಗುವುದು ಬ್ಯಾಚಿಂದ ಬ್ಯಾಚಿಗೆ ತುಸು ಬೇರೆ; ಅದಕ್ಕೇ ಕಾರ್ಖಾನೆಯವರು ನಿಜವಾದ ಅಳತೆ ನೋಡಿ ವಿಂಗಡಿಸಿ ಕ್ಯಾಲಿಬರ್ ನಮೂದಿಸುತ್ತಾರೆ. ಒಂದು ಮಿ.ಮೀ. ವ್ಯತ್ಯಾಸ ಕೇಳೋಕೆ ಏನೂ ಅಲ್ಲ. ಹತ್ತು ಟೈಲ್ ದಾಟುವಷ್ಟರಲ್ಲಿ ಅದೇ ಒಂದು ಸೆಂ.ಮೀ.!

ಕೆಲಸ ನಿಲ್ಲಿಸಿ, ಗಾರೆ ಹಸಿ ಇರುವಾಗಲೇ ಹಾಕಿದ್ದನ್ನು ಎಬ್ಬಿಸಿದೆವು. ಚೀಟಿ ನೋಡಿ ಪೆಟ್ಟಿಗೆ ಬೇರ್ಪಡಿಸಿ, ಒಂದು ಕ್ಯಾಲಿಬರ್ ಹಾಲ್‌ಗೆ, ಇನ್ನೊಂದು ಕೋಣೆಗಳಿಗೆ. ಎರಡೂ ಸೇರುವ ಬಾಗಿಲಲ್ಲಿ ಗ್ರಾನೈಟ್ ಪಟ್ಟಿ ಕೊಟ್ಟೆವು. ಶೇಡ್ ವ್ಯತ್ಯಾಸವೂ ಅಲ್ಲೇ ಮುಚ್ಚಿಹೋಯಿತು.

ಚೀಟಿಗಳ ಫೋಟೋ, ಪ್ಯಾಕಿಂಗ್ ಲಿಸ್ಟ್ ತಕ್ಷಣ ತಯಾರಕರಿಗೆ ಮೇಲ್ ಮಾಡಿದೆ. ನೆಲಕ್ಕೆ ಹಾಕಿ ಮುಗಿಸಿದ ಟೈಲ್ಸ್ ಬಗ್ಗೆ ಸಾಮಾನ್ಯವಾಗಿ ಯಾವ ತಯಾರಕರೂ ದೂರು ಕೇಳಿಸಿಕೊಳ್ಳುವುದಿಲ್ಲ. ಮುಂದಿನ ಬಿಲ್ಲಿನಲ್ಲಿ ಸ್ವಲ್ಪ ಕಡಿತ ಕೊಟ್ಟರು, ಅದೂ ಗೊಣಗಿಕೊಂಡೇ.

ಈಗ ಮಾಲು ಕಳಿಸುವ ಮುಂಚೆ ಕೊಡುವ ಬಿಲ್ಲಿನಲ್ಲೇ (ಪ್ರೊಫಾರ್ಮಾ ಇನ್‌ವಾಯ್ಸ್) 'ಒಂದೇ ಶೇಡ್, ಒಂದೇ ಕ್ಯಾಲಿಬರ್' ಎಂದು ಬರೆಸುತ್ತೇನೆ. ಕಂಟೇನರ್ ತುಂಬುವ ಮುಂಚೆ ಚೀಟಿಗಳ ಫೋಟೋ ಬಂದರೆ ಮಾತ್ರ ಬಾಕಿ ಹಣ. ಒಡೆದರೆ ಬೇಕಾಗುತ್ತದೆಂದು ಹೆಚ್ಚುವರಿ ಪೆಟ್ಟಿಗೆಗಳನ್ನೂ ಅದೇ ಬ್ಯಾಚಿನಲ್ಲಿ ಕೇಳುತ್ತೇನೆ. ನಾಲ್ಕು ಪೆಟ್ಟಿಗೆಗೋಸ್ಕರ ಆಮೇಲೆ ಹಡಗು ಬರುವುದಿಲ್ಲ.